ಕೋಲಾರದ ಟಿಕೆಟ್ ಕೋಲಾರಕ್ಕೇ ತಗೊಳ್ಳಿ: ಉಗ್ಗುವ ಹುಡುಗ ಹುಡುಗಿಯರಿಗೆ

ಬೆಂಗಳೂರಿನಿಂದ ಊರಿಗೆ ಬರುವಾಗ ನಾನು ಎಷ್ಟು ಸಲ ಮುಳಬಾಗಿಲಿಗೆ ಟಿಕೆಟ್ ತಗೊಂಡಿದ್ದೇನೋ ಲೆಕ್ಕ ಇಟ್ಟಿಲ್ಲ. ನಾನು ಇಳಿಯಬೇಕಾದದ್ದು ಕೋಲಾರದಲ್ಲಿ. ಮುಳಬಾಗಿಲು ಅಲ್ಲಿಂದ ಇನ್ನೂ ಸುಮಾರು 30 ಕಿಲೋಮೀಟರ್ ಮುಂದೆ. ಆದರೆ ಕಂಡಕ್ಟರ್ ಬಂದು "ಎಲ್ಲಿಗಪ್ಪಾ?" ಅಂದ ತಕ್ಷಣ ನನ್ನ 'ಕೋ' ಗಂಟಲಲ್ಲೇ ನಿಂತುಬಿಡುತ್ತಿತ್ತು. 'ಮು' ಸಲೀಸಾಗಿ ಬರುತ್ತಿತ್ತು. ಹಾಗಾಗಿ ಜಾಸ್ತಿ ದುಡ್ಡು ಕೊಟ್ಟು ಮುಳಬಾಗಿಲು.

ಒಂದು ಸಲ ಕೋಲಾರದಲ್ಲಿ ಇಳಿಯಲು ಎದ್ದಾಗ ಕಂಡಕ್ಟರ್ ತೋಳು ಹಿಡಿದು ಕೂರಿಸಿದರು. "ಮುಳಬಾಗಿಲು ಇನ್ನೂ ದೂರ ಐತೆ, ಕೂತ್ಕೊಳಪ್ಪಾ, ಬಂದಾಗ ನಾನೇ ಹೇಳ್ತೀನಿ" ಅಂದರು. ಒಳ್ಳೆಯ ಮನುಷ್ಯ. ಅವರಿಗೆ ವಿಷಯ ಬಿಡಿಸಿ ಹೇಳುವುದಕ್ಕಿಂತ ಮುಳಬಾಗಿಲಿಗೆ ಹೋಗಿ ಬರುವುದೇ ಸುಲಭ ಅನ್ನಿಸಿತು. ಹೋದೆ. ಅಲ್ಲಿಂದ ವಾಪಸ್ ಬಸ್ ಹತ್ತಿದೆ. ಆ ಬಸ್ಸಿನ ಕಂಡಕ್ಟರೂ ಅದನ್ನೇ ಕೇಳಿದರು, "ಎಲ್ಲಿಗೆ?" ಈ ಸಲ ಕೋಲಾರ ದಾಟಿದ ಮೇಲೆ ಸಿಗುವ ನರಸಾಪುರ ಅಂದೆ.

ಉಗ್ಗಿದ್ದರೆ ಅವತ್ತು ಹೆಚ್ಚೆಂದರೆ ಹತ್ತು ಸೆಕೆಂಡ್ ಹೋಗುತ್ತಿತ್ತು. ಉಗ್ಗನ್ನು ಮುಚ್ಚಿಡಲು ಹೋಗಿ ಅರ್ಧ ದಿನ ಹೋಯಿತು. ನನ್ನ ಓದಿನ ದಿನಗಳೆಲ್ಲ ಹೆಚ್ಚುಕಡಿಮೆ ಹೀಗೇ ಕಳೆದವು. ನೀವೂ ಹೀಗೆ ಸುತ್ತು ಹಾಕಿ ಊರು ಸೇರುವವರಾಗಿದ್ದರೆ ಮುಂದೆ ಓದಿ.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ

ಕನ್ನಡದಲ್ಲಿ ಉಗ್ಗು ಅಂತೀವಿ, ತೊದಲು ಅಂತೀವಿ. ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ನತ್ತಿ. ಹೆಸರು ಎಷ್ಟಿವೆಯೋ ಕಾರಣಗಳೂ ಅಷ್ಟೇ ಇದ್ದವು, ನಾನು ಚಿಕ್ಕವನಿದ್ದಾಗ. ನಾಲಿಗೆ ದಪ್ಪ ಅಂದವರಿದ್ದರು. ಯಾರನ್ನೋ ಅಣಕಿಸಿ ಹೀಗಾಯಿತು ಅಂದವರಿದ್ದರು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಓದಿಸಿದರು. ಕಲ್ಲು ಹಲ್ಲಿಗೆ ತಾಗಿ ಕಟಕಟ ಅಂದಿದ್ದಷ್ಟೇ ಲಾಭ.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಮಾತಿಗೆ ಬೇಕಾದ ಉಸಿರು, ದನಿ, ತುಟಿ, ನಾಲಿಗೆ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಜೋಡಿಸುವ ಕೆಲಸ ಮಿದುಳಿನದು. ಆ ಜೋಡಣೆಯಲ್ಲಿ ಇರುವ ವ್ಯತ್ಯಾಸವೇ ಇದು. ಎಷ್ಟೋ ಸಲ ವಂಶದಲ್ಲಿ ಬರುತ್ತದೆ. ನನ್ನ ದೊಡ್ಡಪ್ಪ ಉಗ್ಗುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಇಪ್ಪತ್ತು ದಾಟಿದ ಮೇಲೆ. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ಭಯದಿಂದ ಉಗ್ಗು ಹುಟ್ಟುವುದಿಲ್ಲ. ಇರುವ ಉಗ್ಗನ್ನು ಭಯ ಜಾಸ್ತಿ ಮಾಡುತ್ತದೆ, ಅಷ್ಟೇ. ಬುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ.

ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳು ಯಾವಾಗಲಾದರೂ ಉಗ್ಗುತ್ತಾರೆ. ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಲ್ಲಿ. ಅವರಲ್ಲಿ ಗಂಡಸರೇ ಜಾಸ್ತಿ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15 ಲಕ್ಷ ದಾಟಿತ್ತು. ಆ ಲೆಕ್ಕ ಹಿಡಿದರೆ ನಮ್ಮ ಜಿಲ್ಲೆಯಲ್ಲೇ 15 ಸಾವಿರ ಜನ. ಅವರೆಲ್ಲ ಎಲ್ಲಿ ಅಂತ ಕೇಳಿದರೆ, ಬಹುಶಃ ನಮ್ಮ ಹಾಗೇ ಮುಳಬಾಗಿಲ ಬಸ್ಸಿನಲ್ಲಿ.

ಒಂದು ವಾರ ಬರೆದಿಡಿ

ಯಾವ ಅಭ್ಯಾಸ ಶುರುಮಾಡುವ ಮೊದಲೂ ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿಡಿ. ಎಷ್ಟು ಸಲ ಉಗ್ಗಿದಿರಿ ಅಂತ ಎಣಿಸಬೇಡಿ. ಎಲ್ಲೆಲ್ಲಿ ತಪ್ಪಿಸಿಕೊಂಡಿರಿ ಅಂತ ಬರೆಯಿರಿ. ನನ್ನ ಹಳೆಯ ಪುಸ್ತಕದ ಒಂದು ಪುಟ ಹೀಗಿತ್ತು:

ಸೋಮವಾರ. ಬೇಕರಿ. ಬೇಕಿದ್ದದ್ದು ದಿಲ್‌ಪಸಂದ್. ಕೇಳಿದ್ದು ಬನ್.
ಮಂಗಳವಾರ. ಕ್ಲಾಸಿನಲ್ಲಿ ಉತ್ತರ ಗೊತ್ತಿತ್ತು. "ಗೊತ್ತಿಲ್ಲ ಸಾರ್" ಅಂದೆ.
ಬುಧವಾರ. ಮನೆ ಫೋನ್ ರಿಂಗಾಯಿತು. ಬಾತ್‌ರೂಮಿಗೆ ಹೋದೆ.
ಗುರುವಾರ. ಬನ್.

ಜೊತೆಗೆ ಸಿಕ್ಕಿಕೊಳ್ಳುವ ಬಗೆಯನ್ನೂ ಗಮನಿಸಿ. ಕೆಲವರು ಅಕ್ಷರವನ್ನು ಮತ್ತೆ ಮತ್ತೆ ಹೇಳುತ್ತಾರೆ: ಬ-ಬ-ಬಸ್. ಕೆಲವರು ಎಳೆಯುತ್ತಾರೆ: ಸ್ಸ್ಸ್ಸಾರ್. ಇನ್ನು ಕೆಲವರಿಗೆ ಬಾಯಿ ಸರಿಯಾದ ಜಾಗದಲ್ಲಿರುತ್ತದೆ, ದನಿಯೇ ಹೊರಡುವುದಿಲ್ಲ. ನನ್ನದು ಈ ಮೂರನೆಯದು. ಇದರ ಜೊತೆ ಕಣ್ಣು ಮಿಟುಕಿಸುವುದು, ಕಾಲು ಕುಟ್ಟುವುದು, ತೊಡೆ ಹೊಡೆದುಕೊಳ್ಳುವುದು ಸೇರಿಕೊಂಡಿರುತ್ತದೆ. ಯಾವತ್ತೋ ಒಂದು ದಿನ ಕಾಲು ಕುಟ್ಟಿದಾಗ ಮಾತು ಬಂದಿರುತ್ತದೆ. ಆಮೇಲೆ ಮಾತು ಬರದಿದ್ದರೂ ಕಾಲು ಕುಟ್ಟುವುದು ಮಾತ್ರ ಬಿಡುವುದಿಲ್ಲ.

ನಮ್ಮ ಕಡೆಯವರಿಗೆ ಅಡಗಿಕೊಳ್ಳಲು ಜಾಗ ಜಾಸ್ತಿ. ಕನ್ನಡದ ಹಾಲು ಬರದಿದ್ದರೆ ತೆಲುಗಿನ ಪಾಲು ಇದೆ. ಅದೂ ಕೈಕೊಟ್ಟರೆ ಮಿಲ್ಕು. ನಾನು ಇಷ್ಟು ಚೆನ್ನಾಗಿ ಭಾಷೆ ಬದಲಾಯಿಸುತ್ತಿದ್ದೆ ಎಂದರೆ ನಾನು ಉಗ್ಗುತ್ತೇನೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಹುಡುಗ ಸ್ವಲ್ಪ ವಿಚಿತ್ರ ಅಂದುಕೊಂಡಿದ್ದರು. ಬದಲಿ ಸಿಗದ ಪದ ಒಂದೇ. ಅದು ನಮ್ಮ ಹೆಸರು.

ಹೇಳಿಬಿಡಿ

ಟೊಮೆಟೊ ಸೀಸನ್ನಿನಲ್ಲಿ ಅಪ್ಪನ ಜೊತೆ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. 15 ಕೆಜಿ ಬಾಕ್ಸುಗಳು ಸಾಲಾಗಿ ನಿಂತಿರುತ್ತವೆ. ಹರಾಜು ಕೂಗುವವರು ಸಾಲಿನಿಂದ ಸಾಲಿಗೆ ಹೋಗುತ್ತಾರೆ, ಹಿಂದೆಯೇ ವ್ಯಾಪಾರಿಗಳ ಗುಂಪು, ಅವರ ಹಿಂದೆ ಚೀಟಿ ಬರೆಯುವವರು. ಕೂಗುವವರ ಬಾಯಿಂದ ಅಂಕಿಗಳು ಉದುರುವ ವೇಗ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಪ್ಪ ಟೀ ಕುಡಿಯಲು ಹೋದಾಗಲೇ ಯಾವಾಗಲೂ ನಮ್ಮ ಸಾಲು ಬರುತ್ತಿತ್ತು. ಚೀಟಿ ಬರೆಯುವವರು ತಲೆ ಎತ್ತದೆ ಕೇಳುತ್ತಿದ್ದರು, "ಯಾರ ಮಾಲು?"

ಅಪ್ಪನ ಹೆಸರು 'ಗ'ದಿಂದ ಶುರು. ನನ್ನದೂ 'ಗ'. ಎಷ್ಟೋ ಸಲ ಬಾಕ್ಸಿನ ಮೇಲೆ ಬರೆದಿದ್ದ ಹೆಸರನ್ನು ಬೆರಳಿನಲ್ಲಿ ತೋರಿಸಿ ಪಾರಾಗಿದ್ದೆ. ಒಂದು ದಿನ ಆ ಬರಹವೂ ಅಳಿಸಿತ್ತು. ಏನು ಮಾಡುವುದು ಅಂತ ತೋಚದೆ ನಿಜ ಹೇಳಿದೆ. "ಅಣ್ಣಾ, ನನಗೆ ಉಗ್ಗು ಐತೆ. ಒಂದ್ನಿಮಿಷ ಇರಿ."

ಅವರು ತಲೆ ಎತ್ತಿ ನೋಡಿದರು. ಪೆನ್ನಿಗೆ ಕ್ಯಾಪ್ ಹಾಕಿ ಕಿವಿ ಮೇಲೆ ಸಿಕ್ಕಿಸಿಕೊಂಡರು. "ಇರ್ತೀನಿ, ಹೇಳು" ಅಂದರು. ಹೆಸರು ಎರಡನೇ ಪ್ರಯತ್ನಕ್ಕೆ ಬಂತು. ಹಿಂದಿನಿಂದ ಯಾರೋ ನಕ್ಕರು. ಆದರೆ ಹೊಟ್ಟೆಯೊಳಗಿನ ಗಂಟು ಅರ್ಧ ಸಡಿಲವಾಗಿತ್ತು. ಮುಚ್ಚಿಡಬೇಕಾದ್ದು ಏನೂ ಉಳಿದಿರಲಿಲ್ಲವಲ್ಲ.

ನಿಮಗೂ ಇಂಥ ಒಂದು ವಾಕ್ಯ ಇರಲಿ. "ನಾನು ಉಗ್ತೀನಿ, ಸ್ವಲ್ಪ ಟೈಮ್ ತಗೊಳ್ತೀನಿ." ಇಷ್ಟು ಸಾಕು. ಸಾರಿ ಸೇರಿಸಬೇಡಿ, ನೀವು ಯಾರ ಕಾಲೂ ತುಳಿದಿಲ್ಲ. ವೈವಾ, ಸೆಮಿನಾರ್, ಕೆಲಸದ ಇಂಟರ್‌ವ್ಯೂ ಯಾವುದೇ ಇರಲಿ, ಕೂತ ಮೊದಲ ನಿಮಿಷದಲ್ಲೇ ಹೇಳಿ. ಮೇಷ್ಟ್ರಿಗೆ ಹಿಂದಿನ ದಿನವೇ ಒಂದು ಚೀಟಿ ಬರೆದುಕೊಟ್ಟರೂ ಆದೀತು. ಹಾಜರಿ ಕೂಗುವಾಗ ಕೈ ಎತ್ತುತ್ತೇನೆ ಅಂತ ಕೇಳಿಕೊಂಡರೆ ಒಪ್ಪದ ಮೇಷ್ಟ್ರು ಕಡಿಮೆ. ಆದರೆ ಗಟ್ಟಿಯಾಗಿ ಓದುವ ಸರದಿಯಿಂದ ಪೂರ್ತಿ ಬಿಡಿಸಿಕೊಳ್ಳಬೇಡಿ. ನಾನು ಬಿಡಿಸಿಕೊಂಡಿದ್ದೆ. ಮೂರು ವರ್ಷ ಆರಾಮಾಗಿದ್ದೆ, ನಾಲ್ಕನೇ ವರ್ಷ ಭಯ ನಾಲ್ಕು ಪಟ್ಟಾಗಿತ್ತು.

ಸಿಕ್ಕಿಕೊಂಡಾಗ ಏನು ಮಾಡಬೇಕು

ಎಲ್ಲರೂ ಕೊಡುವ ಸಲಹೆ, "ಉಸಿರು ಎಳೆದುಕೊಂಡು ಮಾತಾಡು." ಎದೆ ತುಂಬ ಉಸಿರು ತುಂಬಿಕೊಂಡು ಬಿಗಿ ಹಿಡಿದರೆ ಗಂಟಲು ಇನ್ನಷ್ಟು ಬಿಗಿಯುತ್ತದೆ. ಸಾಮಾನ್ಯ ಉಸಿರು ಸಾಕು. ಅದು ಹೊರಗೆ ಹರಿಯಲು ಶುರುವಾದ ಮೇಲೆ ದನಿಯನ್ನು ಮೆತ್ತಗೆ ಅದರ ಜೊತೆ ಬಿಡಿ. 'ಅಮ್ಮ', 'ಆಟೋ' ಥರದ ಪದಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. 'ಮ', 'ನ', 'ಸ' ಇದ್ದರೆ ಅಕ್ಷರವನ್ನು ಸ್ವಲ್ಪ ಎಳೆದು ಮುಂದಿನದಕ್ಕೆ ಜಾರಿ. 'ಪ', 'ಬ', 'ಕ', 'ಗ' ಇದ್ದರೆ ತುಟಿಯಾಗಲಿ ನಾಲಿಗೆಯಾಗಲಿ ಗಟ್ಟಿ ಒತ್ತದೆ, ಬಿಸಿ ಹೆಂಚು ಮುಟ್ಟಿದ ಹಾಗೆ ಮುಟ್ಟಿ ಬಿಡಲಿ.

ಇನ್ನೆರಡು ವಿಧಾನಗಳನ್ನು ಹಬ್ಬಿಸಿದವರು ಅಮೆರಿಕದ ಸ್ಪೀಚ್ ಥೆರಪಿಸ್ಟ್ ಚಾರ್ಲ್ಸ್ ವ್ಯಾನ್ ರೈಪರ್ (1905-1994). ಅವರೂ ಉಗ್ಗುತ್ತಿದ್ದವರೇ. ಒಂದು ಪದದಲ್ಲಿ ಉಗ್ಗಿದಿರಿ ಅನ್ನಿ. ಹೇಗೋ ಆ ಪದ ಮುಗಿಸಿ. ಎರಡು ಸೆಕೆಂಡ್ ನಿಲ್ಲಿ. ಅದೇ ಪದವನ್ನು ಮತ್ತೆ, ಈ ಸಲ ಸಡಿಲವಾಗಿ ಹೇಳಿ, ಮುಂದೆ ಹೋಗಿ. ಇದು ಕೈಗೆ ಹತ್ತಿದ ಮೇಲೆ, ಸಿಕ್ಕಿಕೊಂಡಿರುವಾಗಲೇ ಬಿಗಿ ಸಡಿಲಿಸಿ ಪದದಿಂದ ನಿಧಾನಕ್ಕೆ ಹೊರಗೆ ಬರುವುದನ್ನು ಕಲಿಯಿರಿ. ಹಿಂದಕ್ಕೆ ಜಿಗಿದು ವಾಕ್ಯವನ್ನು ಮೊದಲಿಂದ ಶುರುಮಾಡಬೇಡಿ. ಕೆಸರಿನಲ್ಲಿ ಕಾಲು ಹೂತಾಗ ಕಿತ್ತರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಮೆಲ್ಲಗೆ ಅಲ್ಲಾಡಿಸಿದರೆ ಕಾಲೂ ಬರುತ್ತದೆ ಚಪ್ಪಲಿಯೂ ಬರುತ್ತದೆ.

ಬೇಕೆಂತಲೇ ಉಗ್ಗುವುದು ಇನ್ನೊಂದು. ಕೇಳಿದರೆ ಹುಚ್ಚು ಅನ್ನಿಸುತ್ತದೆ. ನಿಮಗೆ ಸಲೀಸಾಗಿ ಬರುವ ಪದವನ್ನೇ ಅಂಗಡಿಯಲ್ಲಿ ಉಗ್ಗಿ ಹೇಳಿ. "ಬ-ಬ-ಬನ್ ಕೊಡಿ." ಅಂಗಡಿಯವರು ಬನ್ ಕೊಟ್ಟರು, ಚಿಲ್ಲರೆ ಕೊಟ್ಟರು, ಮುಂದಿನವರ ಕಡೆ ತಿರುಗಿದರು. ಇಷ್ಟಕ್ಕೆ ನಾನು ಹತ್ತು ವರ್ಷ ಹೆದರಿದ್ದೆ.

ಮೆಟ್ಟಿಲು ಮೆಟ್ಟಿಲಾಗಿ

ಅಂತರಗಂಗೆ ಬೆಟ್ಟಕ್ಕೆ ಹೋದವರಿಗೆ ಗೊತ್ತು, ಮೆಟ್ಟಿಲು ಹತ್ತುವಾಗ ಮೇಲೆ ನೋಡಬಾರದು. (ಕೋತಿಗಳನ್ನು ಮಾತ್ರ ನೋಡುತ್ತಿರಬೇಕು.) ನಿಮ್ಮ ಭಯಗಳನ್ನು ಸುಲಭದಿಂದ ಕಷ್ಟಕ್ಕೆ ಸಾಲಾಗಿ ಬರೆಯಿರಿ. ನನ್ನ ಪಟ್ಟಿಯ ಕೆಳಗಿದ್ದದ್ದು ನಮ್ಮ ಹಸು. ಅದರ ಮುಂದೆ ನಾನು ಯಾವತ್ತೂ ಉಗ್ಗಿಲ್ಲ. ಆಮೇಲೆ ತಂಗಿ, ಕಿರಾಣಿ ಅಂಗಡಿ, ದಾರಿ ಕೇಳುವುದು, ಬಸ್ಸು. ತುದಿಯಲ್ಲಿದ್ದದ್ದು ಫೋನು.

ಒಂದು ವಾರ ಒಂದೇ ಮೆಟ್ಟಿಲು. ಫೋನಿಗೆ ನಾನು ಮಾಡಿದ ಉಪಾಯ ಇದು: ದಿನಕ್ಕೆ ಮೂರು ಅಂಗಡಿಗೆ ಫೋನ್ ಮಾಡಿ "ಇವತ್ತು ಎಷ್ಟು ಗಂಟೆವರೆಗೆ ತೆಗೆದಿರ್ತೀರಾ?" ಅಂತ ಕೇಳುವುದು. ಕೆಲವರು "ಹಲೋ ಹಲೋ" ಅಂದು ಇಟ್ಟುಬಿಟ್ಟರು. ಅದನ್ನೂ ಲೆಕ್ಕಕ್ಕೆ ಸೇರಿಸಿದೆ. ಫೋನ್ ಮಾಡಿದೆನೋ ಇಲ್ಲವೋ ಅನ್ನುವುದಕ್ಕೆ ಮಾರ್ಕ್ಸ್, ಎಷ್ಟು ಚೆನ್ನಾಗಿ ಮಾತಾಡಿದೆ ಅನ್ನುವುದಕ್ಕೆ ಸೊನ್ನೆ. ಈ ನಿಯಮ ಮುರಿಯಬೇಡಿ.

ಹಾಡು, ತಮಟೆ, ನಾಟಕ, ಬರವಣಿಗೆ

"ಹಾಡುವಾಗ ಬರುತ್ತಲ್ಲ, ಮಾತಾಡೋಕೇನು ರೋಗ?" ಈ ಮಾತು ಕೇಳದ ಉಗ್ಗುವವರಿಲ್ಲ. ಹಾಡಿನಲ್ಲಿ ಪದಗಳು ಮೊದಲೇ ಗೊತ್ತಿರುತ್ತವೆ, ತಾಳ ಕೈ ಹಿಡಿದಿರುತ್ತದೆ, ಸ್ವರ ಎಳೆದುಕೊಂಡೇ ಹೋಗುತ್ತದೆ. ಗುಂಪಿನಲ್ಲಿ ಒಟ್ಟಿಗೆ ಹೇಳುವಾಗಲೂ ಉಗ್ಗು ಹೆಚ್ಚುಕಡಿಮೆ ಮಾಯವಾಗುತ್ತದೆ. ಇದು ನಿಮ್ಮ ಮೇಲಿನ ದೂರಲ್ಲ, ಮಿದುಳು ಕೆಲಸ ಮಾಡುವ ರೀತಿ. ಹಾಗಾಗಿ ಊರಿನ ಭಜನೆ ಮನೆಗೆ ಹೋಗಿ ಕೂರಿ. ಕೈವಾರದ ತಾತಯ್ಯನವರ ತತ್ವಪದಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಜಗಳವಿಲ್ಲದೆ ಸ್ವಂತ ದನಿ ಹೊರಗೆ ಬಂದರೆ ಹೇಗಿರುತ್ತದೆ ಅಂತ ಗಂಟಲಿಗೆ ನೆನಪಾಗಬೇಕು. ಆದರೆ ಹಾಡೇ ಔಷಧಿ ಅಂದುಕೊಳ್ಳಬೇಡಿ. ಮನೆಗೆ ಬಂದು "ಊಟ ಏನು?" ಅಂತ ಕೇಳುವಾಗ ಉಗ್ಗು ಬಾಗಿಲಲ್ಲೇ ಕಾದಿರುತ್ತದೆ.

ಬಾಯಿಯೇ ಬೇಡ ಅನ್ನಿಸುವ ದಿನಗಳಿಗೆ ತಮಟೆ ಇದೆ. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ಬಾರಿಸಿಯೇ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಕಲಿಯುವ ಹುಡುಗ ಗುಂಪಿನ ನಡುವೆ ನಿಲ್ಲುವುದನ್ನು, ಜನ ತನ್ನನ್ನು ನೋಡುವುದನ್ನು ಸಹಿಸಿಕೊಳ್ಳುವುದನ್ನು ಕಲಿಯುತ್ತಾನೆ. ನಮಗೆ ಮೊದಲು ಬೇಕಾದದ್ದು ಅದೇ. ತಾಳಕ್ಕೆ ತಕ್ಕ ಹಾಗೆ ಒಂದೊಂದೇ ಅಕ್ಷರ ಕುಟ್ಟಿ ಮಾತಾಡಿದರೆ ಉಗ್ಗು ಹೋಗುತ್ತದೆ ಅಂತ ಹೇಳಿಕೊಡುವವರೂ ಇದ್ದಾರೆ. ಆ ಹೊತ್ತಿಗೆ ಹೋಗುತ್ತದೆ ನಿಜ. ಆದರೆ ಹಾಗೆ ಮಾತಾಡುತ್ತಾ ಜೀವನ ಮಾಡಲಿಕ್ಕಾಗುತ್ತದಾ?

ಮೂಡಲಪಾಯ, ಪೌರಾಣಿಕ ನಾಟಕ, ಕಾಲೇಜಿನ ಬೀದಿ ನಾಟಕ, ಯಾವುದಾದರೂ ಸರಿ. ಬೇರೆಯವರ ವೇಷ, ಬೇರೆಯವರ ದನಿ ಹಾಕಿಕೊಂಡಾಗ ಎಷ್ಟೋ ಜನಕ್ಕೆ ಮಾತು ಸಡಿಲವಾಗುತ್ತದೆ. ಎಲ್ಲರಿಗೂ ಅಲ್ಲ. ನಾಟಕದ ಮೇಷ್ಟ್ರಿಗೆ ಮೊದಲೇ ಹೇಳಿ. ಅವರು ನಿಮ್ಮನ್ನು ಪರದೆ ಎಳೆಯಲು ಹಾಕಿದರೆ, ಒಂದು ಸಾಲಿನ ಪಾತ್ರ ಕೊಡಿ ಅಂತ ಕೇಳಿ. ನಾನು ಎರಡು ವರ್ಷ ಪರದೆ ಎಳೆದಿದ್ದೇನೆ. ಚೆನ್ನಾಗಿಯೇ ಎಳೆದೆ.

ಬರವಣಿಗೆ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನ್ನ ದಾರಿ ಅದು. ಉಗ್ಗುವವರ ತಲೆಯಲ್ಲಿ ಒಂದೊಂದು ಪದಕ್ಕೆ ನಾಲ್ಕು ಬದಲಿ ಪದ ಸದಾ ಸಿದ್ಧವಿರುತ್ತವೆ. ಸಿಕ್ಕಿಬೀಳದಿರಲು ಕೂಡಿಟ್ಟ ಪದಗಳು ಅವು. ಕಳ್ಳನ ಬೀಗದ ಕೈ ಗೊಂಚಲಿನ ಥರ. ಅದೇ ಗೊಂಚಲು ಬರೆಯುವವನಿಗೆ ಸಿಕ್ಕರೆ ಆಸ್ತಿ. ಇನ್ನೊಂದು ಅಂದರೆ, ಮಾತಿಗೆ ಇಳಿಯದೆ ಮೂಲೆಯಲ್ಲಿ ನಿಂತವನಿಗೆ ಬೇರೆಯವರ ಮಾತು ಪೂರ್ತಿ ಕೇಳಿಸುತ್ತದೆ. ಮಾರ್ಕೆಟ್ಟಿನ ಹರಾಜು ನನಗೆ ಬಾಯಿಪಾಠವಾಗಿತ್ತು. ಯಾವ ಅಂಕಿಯ ಹತ್ತಿರ ದನಿ ಏರುತ್ತದೆ, ಎಲ್ಲಿ ಒಂದು ಕ್ಷಣ ನಿಲ್ಲುತ್ತದೆ, ರೇಟು ಬಿದ್ದ ದಿನ ರೈತರ ಕಡೆಯಿಂದ ಬರುವ ಆ "ಹ್ಞೂಂ" ಎಷ್ಟು ಉದ್ದ. ಅದನ್ನೇ ಬರೆದೆ. ನನ್ನ ಮೊದಲ ಪದ್ಯ ಅದು.

ಅಭ್ಯಾಸಕ್ಕೆ ಹೀಗೆ ಶುರುಮಾಡಿ. ನೋಟ್‌ಬುಕ್ಕಿನಲ್ಲಿ ತಪ್ಪಿಸಿಕೊಂಡ ಒಂದು ಸಂದರ್ಭ ಆರಿಸಿ. ಅವತ್ತು ಹೇಳದೆ ಬಿಟ್ಟ ಮಾತನ್ನು ಹತ್ತು ಸಾಲಿನಲ್ಲಿ ಬರೆಯಿರಿ. ನಿಮಗೆ ಸಿಕ್ಕಿಕೊಳ್ಳುವ ಪದವನ್ನೇ ಬಳಸಿ. ಓದಲು ಸುಲಭವಾಗಲಿ ಅಂತ ಪದ ಬದಲಾಯಿಸಿದರೆ ಪದ್ಯ ಅಲ್ಲೇ ಸತ್ತಿತು. ಇಲ್ಲೂ ಬನ್ ಕೇಳಬೇಡಿ.

ಆಮೇಲೆ ಓದುವುದು. ಅಮೆರಿಕದ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರ ಗಡಸು ದನಿ ಜಗತ್ತಿಗೇ ಗೊತ್ತು. ಚಿಕ್ಕಂದಿನಲ್ಲಿ ಉಗ್ಗಿಗೆ ಹೆದರಿ ಅವರು ಹಲವು ವರ್ಷ ಹೆಚ್ಚುಕಡಿಮೆ ಮೂಕರಂತೆಯೇ ಇದ್ದರು. ಹುಡುಗ ಪದ್ಯ ಬರೆಯುತ್ತಾನೆ ಅಂತ ಗೊತ್ತಾದ ಮೇಷ್ಟ್ರೊಬ್ಬರು ಅವನ ಪದ್ಯವನ್ನೇ ಅವನಿಂದ ಕ್ಲಾಸಿನಲ್ಲಿ ಓದಿಸಿದರು. ಅಲ್ಲಿಂದ ಮಾತು ಶುರುವಾಯಿತು. ಉಗ್ಗು ಪೂರ್ತಿ ಹೋಯಿತು ಅಂತ ಅವರು ಯಾವತ್ತೂ ಹೇಳಿಕೊಳ್ಳಲಿಲ್ಲ.

ನೀವು ಓದುವಾಗ: ಪೆನ್ಸಿಲಿನಲ್ಲಿ ನಿಲ್ಲುವ ಜಾಗಗಳಿಗೆ ಗೀಟು ಹಾಕಿ, ನೀವು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು. ಮೊದಲು ಒಬ್ಬ ಗೆಳೆಯನ ಜೊತೆ ಒಟ್ಟಿಗೆ ದನಿ ಸೇರಿಸಿ ಓದಿ. ನಾಲ್ಕನೇ ಸಲದಿಂದ ಅವನು ದನಿ ತಗ್ಗಿಸುತ್ತಾ ಹೋಗಲಿ, ಕೊನೆಗೆ ಸುಮ್ಮನಾಗಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆದರೆ ಅವತ್ತೇ ಕೇಳಬೇಡಿ. ಮೂರು ದಿನ ಬಿಡಿ. ಒಂದು ಗಂಟೆ ಅನ್ನಿಸಿದ ತಡೆ ಅಸಲಿಗೆ ಮೂರು ಸೆಕೆಂಡ್ ಇರುತ್ತದೆ. ಮೊದಲ ಸಭೆಗೆ ಇಬ್ಬರು ಸಾಕು. ಆಮೇಲೆ ಊರ ಹಬ್ಬ, ಕಾಲೇಜು. ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ಹಾಡು, ನಾಟಕ ನಡೆಸಿಕೊಂಡು ಬಂದಿದ್ದಾರೆ. ಮೊದಲು ಕೇಳುಗರಾಗಿ ಹೋಗಿ ಬನ್ನಿ. ಬೆಳದಿಂಗಳಿನಲ್ಲಿ ಮುಖ ಅಷ್ಟಾಗಿ ಕಾಣಿಸುವುದಿಲ್ಲ ಅನ್ನುವುದೂ ಒಂದು ಅನುಕೂಲ.

ನಾನು ಹರಾಜಿನ ಪದ್ಯ ಮೊದಲ ಸಲ ಜನರ ಮುಂದೆ ಓದಿದಾಗ 'ಗ'ದ ಹತ್ತಿರ ನಿಂತೆ. ಬೇಕಾದಷ್ಟು ಹೊತ್ತು ನಿಂತೆ. ಕೇಳುತ್ತಿದ್ದವರು ಅದು ಹರಾಜಿನವರು ಸರಿಯಾದ ರೇಟಿಗೆ ಕಾಯುವ ಜಾಗ ಅಂದುಕೊಂಡರಂತೆ. ಚೆನ್ನಾಗಿತ್ತು ಅಂದರು. ನಾನು ತಿದ್ದಲು ಹೋಗಲಿಲ್ಲ.

ಯಾರ ಹತ್ತಿರ ಹೋಗಬೇಕು

ಸ್ಪೀಚ್ ಥೆರಪಿಸ್ಟ್ ಹತ್ತಿರ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ವಿಭಾಗವಿದೆ. 2008ರಲ್ಲಿ ಹುಟ್ಟಿದ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಉಗ್ಗುವವರೇ ಕಟ್ಟಿಕೊಂಡ ಬಳಗ. ಅಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಅಕ್ಟೋಬರ್ 22 ನಮ್ಮ ದಿನ, 1998ರಿಂದ ಜಗತ್ತಿನ ಉಗ್ಗುವವರು ಆಚರಿಸುತ್ತಿದ್ದಾರೆ. "15 ದಿನದಲ್ಲಿ ಗ್ಯಾರಂಟಿ" ಅಂತ ಗೋಡೆ ಮೇಲೆ ಬರೆದವರ ಹತ್ತಿರ ಹೋಗಬೇಡಿ. ನಾನು ಅಂಥ ಒಂದು ಕಡೆ ಅಪ್ಪನ ಒಂದು ಲೋಡ್ ಟೊಮೆಟೊ ದುಡ್ಡು ಕಳೆದಿದ್ದೇನೆ.

ಇಷ್ಟು ದಿನ ಇಲ್ಲದ ಉಗ್ಗು ದೊಡ್ಡವರಾದ ಮೇಲೆ ದಿಢೀರ್ ಶುರುವಾದರೆ ಅದು ಬೇರೆ ವಿಷಯ, ತಡಮಾಡದೆ ಡಾಕ್ಟರಿಗೆ ತೋರಿಸಿ. ಮನಸ್ಸು ತೀರಾ ಕುಸಿದರೆ, ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಅಂದರೆ ನಮಗೆ ಎಷ್ಟು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ಅಕ್ಕನನ್ನೋ ಗೆಳೆಯನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಮನೆಯವರಿಗೆ ಓದಿ ಹೇಳಿ

ನಾವು ಸಿಕ್ಕಿಕೊಂಡಾಗ ಪದ ಮುಗಿಸಿಕೊಡಬೇಡಿ. ಎಷ್ಟೋ ಸಲ ತಪ್ಪು ಪದ ಮುಗಿಸುತ್ತೀರಿ, ನಾವು ಸುಮ್ನೆ ತಲೆ ಆಡಿಸುತ್ತೇವೆ, ಆಮೇಲೆ ಬೇಡದ ತಿಂಡಿ ತಿನ್ನುತ್ತೇವೆ. "ನಿಧಾನ, ನಿಧಾನ" ಅನ್ನಬೇಡಿ. ಮುಖ ಬೇರೆ ಕಡೆ ತಿರುಗಿಸಬೇಡಿ. ಅಣಕಿಸುವ ನೆಂಟರಿದ್ದರೆ ಅವರನ್ನು ಬಾಯಿ ಮುಚ್ಚಿಸುವ ಕೆಲಸ ನಿಮ್ಮದು, ಚಿಕ್ಕವರದ್ದಲ್ಲ.

ನಮ್ಮ ಅಮ್ಮ ವರ್ಷಗಟ್ಟಲೆ ನನ್ನ ಹಿಂದೆ ನಿಂತು ಪದ ಪಿಸುಗುಟ್ಟುತ್ತಿದ್ದಳು. ಬಿಡು ಅಂದರೆ, "ನೋಡಕ್ಕಾಗಲ್ಲ ಕಣೋ, ಕೈ ಕಾಲು ಆಡಲ್ಲ" ಅನ್ನುತ್ತಿದ್ದಳು. ಹಾಗಾದರೆ ಕೈಗೆ ಏನಾದರೂ ಕೆಲಸ ಕೊಟ್ಟುಕೋ ಅಂದೆ. ಈಗ ಅವರೆಕಾಯಿ ಕಾಲದಲ್ಲಿ ನಾನು ಮಾತಿಗೆ ಕೂತರೆ ಅವಳು ಮೊರ ಎಳೆದುಕೊಳ್ಳುತ್ತಾಳೆ. ನನ್ನ ಮುಖ ನೋಡುತ್ತಲೇ ಸುಲಿಯುತ್ತಾಳೆ. ನನ್ನ ಒಂದು 'ಗ'ಕ್ಕೆ ನಾಲ್ಕು ಕಾಯಿ. ಮೊನ್ನೆ ಸಾರಿಗೆ ಬೇಕಾದಷ್ಟು ಕಾಳಾಗುವ ಹೊತ್ತಿಗೆ ನನ್ನ ಮಾತಿನ್ನೂ ಅರ್ಧಕ್ಕೇ ನಿಂತಿತ್ತು. ಇನ್ನೊಂದು ಮೊರ ತಂದಳು.